ಪೇಗನ್ ಧರ್ಮಗಳ ಅಧ್ಯಯನ: ನಮ್ಮ ಕಡೆ ಮಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಾಗಲಕೋಟಿಯಾಗ ಡಿಗ್ರಿ ಹುಡುಗರಿಗೆ ಇತಿಹಾಸ ಹೇಳ್ತೀನಿ, ಅದರ ಜೋಡಿ ಭಾಳ ವರ್ಷದಿಂದ ಯುರೋಪಿನ ಹಳೇ ಧರ್ಮಗಳ ಬಗ್ಗೆ ಓದಕೋತ ಬಂದೀನಿ. ಕ್ಲಾಸಿನ ಹುಡುಗ್ರು, ಸಂಬಂಧಿಕರು, ಬಸ್ಸಿನ್ಯಾಗ ಬಾಜೂಕ ಕುಂತಾರು, ಎಲ್ಲಾರೂ ಹೆಚ್ಚು ಕಡಿಮಿ ಒಂದ ನಮೂನಿ ಪ್ರಶ್ನೆ ಕೇಳ್ತಾರ, ಬಾಯಿಲೆ ಹೇಳಾಕ ಹೋದ್ರ ಅರ್ಧಾ ಬಿಟ್ಟು ಹೋಗತೈತಿ, ಅದಕ್ಕ ಎಲ್ಲಾ ಒಂದ ಕಡೆ ಬರದ ಇಟ್ಟೀನಿ.

ಪೇಗನ್ ಅಂದ್ರ ಏನ್ರಿ? ಯಾರಿಟ್ಟ ಹೆಸರು ಅದು?

ಲ್ಯಾಟಿನ್ ಭಾಷಾದಾಗ ಪಾಗುಸ್ ಅಂದ್ರ ಹಳ್ಳಿ ಸೀಮಿ, ಪಾಗಾನುಸ್ ಅಂದ್ರ ಆ ಸೀಮ್ಯಾಗ ಇರಾಂವ. 4ನೇ ಶತಮಾನದಾಗ ರೋಮ್ ಸಾಮ್ರಾಜ್ಯದೊಳಗ ಕ್ರೈಸ್ತರ ಕೈ ಮ್ಯಾಲಾದಾಗ, ಹಳೇ ದೇವರನ್ನ ಬಿಡದ ಮಂದಿಗೆ ಅವರು ಈ ಮಾತು ಹಚ್ಚಿದ್ರು. ನಮ್ಮ ಕಡೆ ಪ್ಯಾಟಿ ಮಂದಿ ಯಾರಿಗರ ‘ಹಳ್ಳಿ ಗಮಾರ’ ಅಂತಾರಲ್ಲ, ಆ ತಿರಸ್ಕಾರ ಇದರಾಗೂ ಐತಿ ಅಂತ ಕೆಲವು ಪಂಡಿತರು ಹೇಳ್ತಾರ. ಇನ್ನ ಕೆಲವರು, ಪಾಗಾನುಸ್ ಅನ್ನೂದಕ್ಕ ಸಿಪಾಯಿ ಅಲ್ಲದ ಸಾದಾ ಮನಿಷ್ಯಾ ಅಂತ ಇನ್ನೊಂದ ಅರ್ಥ ಇತ್ತು, ಕ್ರಿಸ್ತನ ಸೈನ್ಯಕ್ಕ ಸೇರದಾಂವ ಅನ್ನೂ ಲೆಕ್ಕದಾಗ ಬಂದದ್ದು ಅಂತಾರ. ಯಾವದ ಇರವಲ್ದ್ಯಾಕ, ಹೊರಗಿನಾರು ಇಟ್ಟ ಹೆಸರು ಅನ್ನೂದಂತೂ ಖರೆ. ಅಥೆನ್ಸಿನಾಗ ಅಥೇನಾ ದೇವಿಗೆ ಹೊಸದಾಗಿ ನೇದ ಬಟ್ಟಿ ಏರಸಾಕ ಮೆರವಣಿಗ್ಯಾಗ ಹೋಗೂ ಹೆಣ್ಮಗಳು ತನ್ನನ್ನ ಪೇಗನ್ ಅಂತ ಯಾವತ್ತೂ ಅಂದಕೊಂಡಿರಲಿಲ್ಲ, ಆಕಿಗೆ ಅದು ಊರ ದೇವಿ, ಊರ ಹಬ್ಬ, ಅಷ್ಟ.

ಇಂಗ್ಲಿಷಿನ್ಯಾಗ ಬರಿಯೂ ವಿದ್ವಾಂಸರು ಪ್ರಾಚೀನದ್ದಕ್ಕ ಸಣ್ಣ ಅಕ್ಷರ, ಈಗಿನ ಕಾಲದಾಗ ಮತ್ತ ಕಟ್ಟಿದ ಪೇಗನ್ ಧರ್ಮಕ್ಕ ದೊಡ್ಡ ಅಕ್ಷರ ಹಾಕಿ ಬ್ಯಾರೆ ಮಾಡ್ತಾರ. ನಮ್ಮ ಲಿಪ್ಯಾಗ ಸಣ್ಣದು ದೊಡ್ಡದು ಇಲ್ಲಲ್ಲ, ಅದಕ್ಕ ನಾನು ಹಳೇ ಪೇಗನ್, ಹೊಸಾ ಪೇಗನ್ ಅಂತ ಬಿಡಿಸಿ ಬರೀತೀನಿ. ‘ಮೂರ್ತಿಪೂಜಕರು’ ಅಂತ ಕನ್ನಡ ಮಾಡೂದು ನನಗ ಒಪ್ಪಿಗಿ ಇಲ್ಲ. ರೋಮಿನ ಇತಿಹಾಸಕಾರ ಟಾಸಿಟಸ್ ಕ್ರಿ.ಶ. 98ರ ಸುಮಾರಿಗೆ ಜರ್ಮನ್ ಕುಲದಾರ ಬಗ್ಗೆ ಬರೀತಾ, ಅವರು ದೇವರನ್ನ ಗ್ವಾಡಿ ಒಳಗ ಕೂಡ್ರಸೂದಿಲ್ಲ, ಮನಿಷ್ಯಾರ ರೂಪಾನೂ ಕೊಡೂದಿಲ್ಲ, ಅಡವೀನ ಅವರ ಗುಡಿ ಅಂತಾನ. ಅವರೂ ಪೇಗನ್ನರ ಲೆಕ್ಕಕ್ಕ ಬರ್ತಾರ, ಆದ್ರ ಮೂರ್ತಿ ಎಲ್ಲೈತಿ?

ಇದನ್ನ ಓದೂದಂದ್ರ ಆ ದೇವರನ್ನ ಪೂಜಾ ಮಾಡಾಕ ಕಲಿಯೂದೇನು?

ಅಲ್ರಿ. ಕೃಷಿ ಕಾಲೇಜಿನಾಗ ಓದಾಂವ ಹೊಲ ಇರಾಂವನ ಆಗಬೇಕಂತ ಇಲ್ಲಲ್ಲ. ಯಾರು, ಯಾವಾಗ, ಎಲ್ಲಿ, ಏನು ಮಾಡ್ತಿದ್ರು, ಅದು ನಮಗ ಯಾವ ಸಾಕ್ಷಿಯಿಂದ ಗೊತ್ತಾತು, ಇದನ್ನ ಕೇಳೂದು ನಮ್ಮ ಕೆಲಸ. ದೇವರು ಖರೇನ ಅದಾನೋ ಇಲ್ಲೋ ಅನ್ನೂ ತೀರ್ಪು ನಾವು ಕೊಡೂದಿಲ್ಲ.

ಬರದಿಟ್ಟದ್ದ ಇಲ್ಲ ಅಂದ್ರ ಸಾವಿರಾರು ವರ್ಷದ ಹಿಂದಿನ ನಂಬಿಕಿ ಹೆಂಗ ಗೊತ್ತಾಗತೈತಿ?

ಐಹೊಳಿಯಾಗ ಮೇಗುತಿ ಗುಡ್ಡ ಹತ್ತೀರಿ ಅಂದ್ರ ಇದಕ್ಕ ಉತ್ತರ ಅಲ್ಲೇ ಸಿಗತೈತಿ. ಗುಡ್ಡದ ಮ್ಯಾಲಿನ ಜೈನ ಗುಡಿ ಗ್ವಾಡಿಗೆ ಕ್ರಿ.ಶ. 634ರ ಶಾಸನ ಐತಿ, ಬರದ ಕವಿ ರವಿಕೀರ್ತಿ, ಹೊಗಳಿಸಿಕೊಂಡಾಂವ ಇಮ್ಮಡಿ ಪುಲಿಕೇಶಿ, ಗುಡಿ ಕಟ್ಟಿಸಿದ್ದು ಯಾವಾಗ ಅಂತ ಶಕವರ್ಷ ಸೈತ ಹಾಕ್ಯಾರ. ಅದ ಗುಡ್ಡದ ಮ್ಯಾಲ ಇನ್ನೊಂದ ಕಡೆ ನಾಕ ಹೆಜ್ಜಿ ಹೋದ್ರ, ಚಪ್ಪಡಿ ನಿಲ್ಲಿಸಿ ಮ್ಯಾಲೊಂದ ಹಾಸಗಲ್ಲು ಹೇರಿದ ಕಲ್ಲಿನ ಮನಿ ಅದಾವ, ಬೃಹತ್ ಶಿಲಾಯುಗದ ಸಮಾಧಿ ಅವು. ಅವುಗಳ ಮ್ಯಾಲ ಒಂದ ಅಕ್ಷರ ಇಲ್ಲ. ಕಟ್ಟಿದಾರು ಸತ್ತಾರನ್ನ ಮರ್ಯಾದಿಲೆ ಇಟ್ಟಾರ, ಅಷ್ಟ ಭಾರದ ಕಲ್ಲು ಏರಸಾಕ ಭಾಳ ಮಂದಿ ಕೂಡಿರಬೇಕು, ಇಷ್ಟ ಹೇಳಬಹುದು. ಅವರು ಯಾವ ದೇವರನ್ನ ಕರೀತಿದ್ರು ಅಂತ ಕೇಳಿದ್ರ ಕಲ್ಲು ಮಾತಾಡೂದಿಲ್ಲ.

ಗ್ರೀಸ್, ರೋಮ್ ಧರ್ಮ ಓದೂದು ರವಿಕೀರ್ತಿ ಶಾಸನ ಓದಿದಂಗ, ಸಾಹಿತ್ಯ ಐತಿ, ಶಾಸನ ಐತಿ, ಹರಕಿ ಪಟ್ಟಿ ಐತಿ. ಉತ್ತರ ಯುರೋಪಿನ ಕಡೆ ಹೋದ್ರ ಕಲ್ಲಿನ ಮನಿ ಮುಂದ ನಿಂತಂಗ. ಯುರೋಪಿನ ಸೆಲ್ಟ್ ಅನ್ನೂ ಹಳೇ ಜನರ ಪುರೋಹಿತರಿಗೆ ಡ್ರೂಯಿಡ್ ಅಂತಿದ್ರು, ಅವರು ತಮ್ಮ ವಿದ್ಯಾ ಬರದಿಡೂದು ಸರಿ ಅಲ್ಲ ಅಂತ ಕೆಲವರು 20 ವರ್ಷದ ತನಕ ಬಾಯಿಪಾಠ ಮಾಡತಿದ್ರು ಅಂತ ಜೂಲಿಯಸ್ ಸೀಸರ್ ಹೇಳ್ತಾನ. ಆದ್ರ ಸೀಸರ್ ಯಾರು, ಆ ನಾಡಿನ ಮ್ಯಾಲ ದಂಡೆತ್ತಿ ಹೋದಾಂವ, ಅಂವ ತನ್ನ ಲಾಭ ನೋಡಕೊಂಡ ಬರದಿರ್ತಾನ ಅನ್ನೂದು ಮರೀಬಾರದು. ಡೆನ್ಮಾರ್ಕಿನಾಗ 1950ರಾಗ ಕೆಸರ ನೆಲದೊಳಗ ಒಬ್ಬ ಮನಿಷ್ಯಾನ ಹೆಣ ಸಿಕ್ತು, ಎರಡ ಸಾವಿರ ವರ್ಷಕ್ಕಿಂತ ಹಳೇದು, ಮುಖದ ಸುಕ್ಕು ಸೈತ ಕಾಣಸ್ತಾವ, ಕೊಳ್ಳಾಗ ತೊಗಲಿನ ಹಗ್ಗ ಹಂಗ ಐತಿ. ದೇವರಿಗೆ ಬಲಿ ಕೊಟ್ಟಾರೋ, ತಪ್ಪು ಮಾಡಿದ್ದಕ್ಕ ಶಿಕ್ಷಾ ಕೊಟ್ಟಾರೋ? ಕಣ್ಣು ಬಾಯಿ ಸಮಾಧಾನದಿಂದ ಮುಚ್ಚಿ ಮಲಗಿಸ್ಯಾರ ಅಂತ ಬಲಿ ಅನ್ನೂ ಕಡೆ ಭಾಳ ಮಂದಿ ವಾಲ್ತಾರ, ಆದ್ರೂ ಅದು ಊಹೇನ.

ಓಡಿನ್, ಥಾರ್ ಅನ್ನೂ ಉತ್ತರ ಯುರೋಪಿನ ಹಳೇ ದೇವರ ಕಥಿ ನಮಗ ಗೊತ್ತಿರೂದು ಹೆಚ್ಚಾಗಿ ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ ಅನ್ನಾಂವ 1220ರ ಸುಮಾರಿಗೆ ಬರದದ್ದರಿಂದ. ಅಂವ ಕ್ರೈಸ್ತ, ಅವನ ನಾಡು ಕ್ರೈಸ್ತ ಆಗಿ ಆಗಲೇ ಇನ್ನೂರ ವರ್ಷ ದಾಟಿತ್ತು. ಒಪ್ಪದಾರು, ಇಲ್ಲಾ ಬಿಟ್ಟಾರು ಬರದದ್ದರಿಂದನ ನಾವು ಒಪ್ಪಿದಾರ ಬಗ್ಗೆ ತಿಳಕೋಬೇಕಾಗೇತಿ. ಇದು ನಮಗೇನ ಹೊಸದಲ್ಲ. 12ನೇ ಶತಮಾನದಾಗ ಮಡಕಿ, ಮೊರ, ಬೀದಿ ಕಲ್ಲು, ಹಣಿಗಿ ಎಲ್ಲಾನೂ ದೈವ ಅಂತ ಮಂದಿ ಹಿಡಕೊಂಡಿದ್ರು ಅನ್ನೂದು ನಮಗ ಹೆಂಗ ಗೊತ್ತು? ಅದನ್ನ ಖಂಡಿಸಿ ಬಸವಣ್ಣನವರು ವಚನ ಬರದ್ರು ಅಂತ ಗೊತ್ತು. ಮೊರಕ್ಕ ಕೈ ಮುಗಿದ ಹೆಣ್ಮಗಳ ಮಾತು ಎಲ್ಲೂ ಉಳದಿಲ್ಲ. ಅಣ್ಣನ ಮ್ಯಾಲ ನನಗ ಅಪಾರ ಗೌರವ ಐತಿ, ಆದ್ರೂ ಆ ಹೆಣ್ಮಗಳಿಗೆ ಮೊರ ಯಾಕ ದೈವ ಆಗಿತ್ತು ಅಂತ ಕೇಳಬೇಕು ಅನಸತೈತಿ.

ಹಳೇ ಪೇಗನ್ ಧರ್ಮಗಳು ಯಾವಾಗ ಮುಗದವು?

ಒಂದ ದಿನಕ್ಕ ಮುಗದದ್ದಲ್ಲ. ರೋಮಿನ ಚಕ್ರವರ್ತಿ ಜೂಲಿಯನ್ 361ರಿಂದ 363ರ ತನಕ ಹಳೇ ಪೂಜಾ ಮತ್ತ ಎಬ್ಬಸಾಕ ನೋಡಿದ, ಯುದ್ಧದಾಗ ಸತ್ತ. 384ರಾಗ ರೋಮಿನ ಸಿಮ್ಮಾಕುಸ್ ಅನ್ನೂ ಹಿರಿಯಾ, ಸಭಾದಿಂದ ತಗದ ವಿಜಯದೇವಿ ಬಲಿಪೀಠ ತಿರುಗಿ ಇಡ್ರಿ ಅಂತ ಅರ್ಜಿ ಬರದ, ಇಷ್ಟ ದೊಡ್ಡ ರಹಸ್ಯಕ್ಕ ಒಂದ ದಾರೀಲೆ ಮುಟ್ಟಾಕ ಆಗೂದಿಲ್ಲ ಅಂತ ಅದರಾಗ ಹೇಳಿದ. ಆ ಸಾಲು ಓದಿದಾಗೆಲ್ಲಾ ನನಗ ಎದಿ ತುಂಬಿ ಬರತೈತಿ, ನಮ್ಮ ಆಯಿನೂ ಸಾವಳಗಿ ಅಜ್ಜನ ಜಾತ್ರಿಗೆ ಹೋಗಿ ಬಂದು, ದರ್ಗಾಕ ಸಕ್ರಿ ಓದಿಸಿ ಇದ ಮಾತು ಬ್ಯಾರೆ ರೀತಿಲೆ ಹೇಳ್ತಿದ್ಳು. ಅವನ ಅರ್ಜಿ ನಡೀಲಿಲ್ಲ. 391, 392ರಾಗ ಚಕ್ರವರ್ತಿ ಥಿಯೊಡೋಸಿಯಸ್ ಬಲಿ ಕೊಡೂದು, ಗುಡಿಗೆ ಹೋಗೂದು ಕಾನೂನಿಲೆ ಬಂದ ಮಾಡಿದ. 529ರಾಗ ಚಕ್ರವರ್ತಿ ಜಸ್ಟಿನಿಯನ್ ಅಥೆನ್ಸಿನ ತತ್ವಶಾಸ್ತ್ರದ ಶಾಲಿ ಮುಚ್ಚಿಸಿದ. ಉತ್ತರದಾಗ ಇನ್ನೂ ತಡ, ಐಸ್‌ಲ್ಯಾಂಡ್ ಸುಮಾರು 1000ಕ್ಕ, ಲಿಥುವೇನಿಯಾ 1387ರಾಗ, ಅಂದ್ರ ನಮ್ಮಲ್ಲೆ ವಿಜಯನಗರ, ಬಹಮನಿ ಇಬ್ಬರೂ ಆಳಾಕ ಹತ್ತಿದ ಮ್ಯಾಲೂ ಯುರೋಪಿನ ಒಂದ ರಾಜ್ಯ ಪೇಗನ್ ಇತ್ತು.

ಈಗಿನ ಹೊಸಾ ಪೇಗನ್ನರು ಅದನ್ನ ಮುಂದುವರಿಸ್ಯಾರೇನು?

ಹೆಚ್ಚಿನವರು ಇಲ್ಲ, ಮತ್ತ ಕಟ್ಟ್ಯಾರ. ಮಾರ್ಗರೆಟ್ ಮರ್ರೆ ಅಂತ ಒಬ್ಬಾಕಿ ಇದ್ಳು, ಹುಟ್ಟಿದ್ದು ಕಲ್ಕತ್ತಾದಾಗ 1863ರಾಗ, ಲಂಡನ್ನಿನಾಗ ಈಜಿಪ್ಟ್ ಇತಿಹಾಸದ ವಿದ್ವಾಂಸಿ. ಯುರೋಪಿನಾಗ ಮಾಟಗಾತಿ ಅಂತ ಹೇಳಿ ಕೊಂದ ಹೆಣ್ಮಕ್ಳು ಖರೇನ ಒಂದ ಗುಪ್ತ ಪೇಗನ್ ಧರ್ಮದಾರು ಅಂತ 1921ರಾಗ ಬರದ್ಳು. 1954ರಾಗ ಜೆರಾಲ್ಡ್ ಗಾರ್ಡ್ನರ್ ಅನ್ನಾಂವ ಆ ಧರ್ಮ ಇನ್ನೂ ಜೀವಂತ ಐತಿ, ನನ್ನನ್ನ ಸೇರಿಸಿಕೊಂಡಾರ ಅಂತ ಪುಸ್ತಕ ಬರದಾಗ ಮುನ್ನುಡಿ ಬರದು ಕೊಟ್ಟಾಕಿನೂ ಈಕಿನ. ಅದರಿಂದ ವಿಕ್ಕಾ ಅನ್ನೂ ಧರ್ಮ ಬೆಳೀತು. ಆಮ್ಯಾಲೆ ಇತಿಹಾಸಕಾರರು ದಫ್ತರ ತಗದು ನೋಡಿದಾಗ, ಮರ್ರೆ ಸಾಕ್ಷಿ ಮಾಡಕೊಂಡ ಆ ಹೆಣ್ಮಕ್ಕಳ ತಪ್ಪೊಪ್ಪಿಗಿ ಎಷ್ಟೋ ಚಿತ್ರಹಿಂಸಾ ಕೊಟ್ಟು ಹೇಳಿಸಿದ್ದು, ಮರ್ರೆ ತನಗ ಬೇಕಾದ ಸಾಲು ಇಟ್ಟುಕೊಂಡು ಹಾರೂದು, ರೂಪ ಬದಲಸೂದು ಅನ್ನೂ ಸಾಲು ಬಿಟ್ಟಾಳ ಅಂತ ಸಿಕ್ಕ ಬಿತ್ತು. ವಿಕ್ಕಾ ಹುಟ್ಟಿದ ಕಥಿನ್ನ 1999ರಾಗ ಪೂರಾ ಬಿಡಿಸಿ ಬರದಾಂವ ಬ್ರಿಸ್ಟಲ್ ವಿಶ್ವವಿದ್ಯಾಲಯದ ರೊನಾಲ್ಡ್ ಹಟನ್, ಅಂವ ಹುಟ್ಟಿದ್ದು ನಮ್ಮ ಊಟಿಯಾಗ, 1953ರಾಗ.

ಐಸ್‌ಲ್ಯಾಂಡಿನಾಗ 1972ರಾಗ ಸ್ವೈನ್‌ಬ್ಯೋರ್ನ್ ಬೈನ್‌ಟೈನ್ಸನ್ ಅನ್ನೂ ರೈತ, ಕವಿ, ಕೆಲವರ ಜೋಡಿ ಕೂಡಿ, ಓಡಿನ್, ಥಾರ್ ಅಂಥಾ ಹಳೇ ದೇವರನ್ನ ನಂಬೂ ಆಸಾತ್ರು ಸಂಘ ಕಟ್ಟಿದ, ಮರುವರ್ಷನ ಸರಕಾರದ ಮಾನ್ಯತಾ ಸಿಕ್ತು. ಲಿಥುವೇನಿಯಾದ ಹಳೇ ಧರ್ಮ ಮತ್ತ ಎಬ್ಬಿಸಿದ ರೊಮುವಾ ಅನ್ನೂ ಗುಂಪಿನ ಮಂದಿ ಮಾತ್ರ ಮಾನ್ಯತಾಕ್ಕ ಭಾಳ ವರ್ಷ ಬಡದಾಡಿದ್ರು, 2021ರಾಗ ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಅವರ ಕಡೆ ತೀರ್ಪು ಕೊಟ್ಟಿತು, 2024ರ ಡಿಸೆಂಬರಿನಾಗ ಅಲ್ಲಿನ ಸಂಸತ್ತು ಒಪ್ಪಿತು. ಇವರು ಹಳೇ ಜಾನಪದ ಹಾಡಿನ ಮ್ಯಾಲ ನಿಂತಾರ, ಅದಕ್ಕ ಹಳೇದರ ಜೋಡಿ ಇವರ ನಂಟು ವಿಕ್ಕಾಕಿಂತ ಗಟ್ಟಿ ಅಂತ ನನಗ ಕಾಣತೈತಿ. ಇಂಗ್ಲೆಂಡ್, ವೇಲ್ಸಿನ 2021ರ ಜನಗಣತ್ಯಾಗ ಸುಮಾರು 74,000 ಮಂದಿ ಪೇಗನ್ ಅಂತ, 13,000 ಮಂದಿ ವಿಕ್ಕಾ ಅಂತ ಬರಸ್ಯಾರ.

ಹೊಸದಾಗಿ ಕಟ್ಟಿದ್ದು ಅಂದ ಮ್ಯಾಲ ಸುಳ್ಳ ಧರ್ಮ ಆತಲ್ಲ?

ಇಲ್ಲ. ಎಲ್ಲಾ ಧರ್ಮನೂ ಯಾವಾಗರ ಒಮ್ಮೆ ಹೊಸದ ಇತ್ತು. ‘ನಮ್ಮದು ಸಾವಿರ ವರ್ಷದ್ದು’ ಅಂತ ಇತಿಹಾಸದ ಮಾತು ಆಡಿದಾಗ ಅದನ್ನ ನಾವು ತಪಾಸಣಿ ಮಾಡಬಹುದು. ಹುಣ್ಣಿವಿ ರಾತ್ರಿ ದೀಪ ಹಚ್ಚಿ ಕುಂತಾಕಿಗೆ ಆದ ಅನುಭವ ಖರೇನೋ ಸುಳ್ಳೋ ಅಂತ ತೂಗಾಕ ನಮ್ಮ ಕಡೆ ತಕ್ಕಡಿ ಇಲ್ಲ.

ನಮ್ಮ ಜೋಕುಮಾರ, ಗ್ರೀಸಿನ ಅಡೋನಿಸ್ ಇಬ್ಬರೂ ಒಂದೇನಾ?

ಇದ ಪ್ರಶ್ನೆ ಹಿಡಕೊಂಡ ನಾನು ಈ ದಾರಿಗೆ ಬಂದಾಕಿ. ನಮ್ಮೂರು ಬದಾಮಿ ತಾಲೂಕಿನಾಗ, ಮಲಪ್ರಭಾ ದಂಡಿಗೆ. ಗಣಪ ಕುಂತ ನಾಕ ದಿನಕ್ಕ ಅಷ್ಟಮಿ ದಿನ ಜೋಕುಮಾರ ಹುಟ್ಟತಾನ, ಮಣ್ಣಿನ ಮೂರ್ತಿ, ಅಗಲ ಮುಖ, ಬಾಯಿಗೆ ಬೆಣ್ಣಿ, ಸುತ್ತ ಬೇವಿನ ತಪ್ಪಲ, ಬುಟ್ಟ್ಯಾಗ ಕುಂದರಿಸಿಕೊಂಡು ಅಂಬಿಗರ ಹೆಣ್ಮಕ್ಳು ಮನಿ ಮನಿಗೆ ಹಾಡಕೋತ ಬರ್ತಾರ. ಆಯಿ ಮೊರದಾಗ ಜ್ವಾಳ ತಂದು ಹಾಕತಿದ್ಳು, ಅವರು ತಿರುಗಿ ಕೊಟ್ಟ ನುಚ್ಚು, ಬೇವಿನ ತಪ್ಪಲ ನಮ್ಮ ಅಪ್ಪ ಹೊಲಕ್ಕ ಒಯ್ದು ಚೆಲ್ಲತಿದ್ದ. ಗಣಪ ಹೋಗಿ ಶಿವನ ಮುಂದ ಭೂಮಿ ಮ್ಯಾಲ ಎಲ್ಲಾರೂ ಉಂಡುಟ್ಟು ಸುಖಾಗಿ ಅದಾರ ಅಂತ ಹೇಳ್ತಾನ, ಜೋಕುಮಾರ ಮಾತ್ರ ರೈತರ ತ್ರಾಸ ಹೇಳಿ ಮಳಿ ತರ್ತಾನ ಅಂತ ಆಯಿ ಹೇಳ್ತಿದ್ಳು. ಏಳು ದಿನಕ್ಕ, ಹುಣ್ಣಿವಿ ರಾತ್ರಿ ಸಾಯ್ತಾನ, ಅಗಸರು ಹೊಡದ ಹಾಕ್ತಾರ ಅನ್ನೂದು ಕಥಿ.

ಈಗ ಅಡೋನಿಸ್. ಅಂವನೂ ಚಂದದ ಹರೇದ ಹುಡುಗ, ಸಾಯ್ತಾನ, ಹೆಣ್ಮಕ್ಳು ಎದಿ ಬಡಕೊಂಡು ಅಳತಿದ್ರು, ಅಥೆನ್ಸಿನಾಗ ಮಾಳಿಗಿ ಮ್ಯಾಲ ಒಡಕ ಮಡಕ್ಯಾಗ ಬೀಜ ಹಾಕಿ, ಜಲ್ದಿ ಎದ್ದು ಬಿಸಲಿಗೆ ಬಾಡಿದ ಸಸಿ ನೀರಾಗ ಬಿಡತಿದ್ರು. ಕೇಂಬ್ರಿಜ್ಜಿನ ಜೇಮ್ಸ್ ಫ್ರೇಜರ್ 1890ರಾಗ ತಂದ ‘ಗೋಲ್ಡನ್ ಬೌ’ ಅನ್ನೂ ಪುಸ್ತಕದಾಗ, ಆಮ್ಯಾಲಿನ ಆವೃತ್ತಿಗಳೊಳಗ, ಅಡೋನಿಸ್, ಅಟಿಸ್, ಓಸಿರಿಸ್ ಎಲ್ಲಾರೂ ಸತ್ತು ಎದ್ದು ಬರೂ ಪೈರಿನ ದೇವರು ಅಂತ ಒಂದ ಸಾಲಿನಾಗ ನಿಲ್ಲಿಸಿದ. ನಾನು ಎಂ.ಎ. ಇದ್ದಾಗ ಅದನ್ನ ಓದಿ ರಾತ್ರಿ ನಿದ್ದಿ ಬರಲಿಲ್ಲ, ನಮ್ಮ ಜೋಕುಮಾರನೂ ಈ ಸಾಲಿನಾಂವನ ಅಂತ ಹತ್ತು ಪಾನ ಬರದೆ.

ಆದ್ರ ಫ್ರೇಜರ್ ಕುಂತಲ್ಲೇ ಕುಂತು, ಮಿಷನರಿಗಳಿಗೆ, ಅಧಿಕಾರಿಗಳಿಗೆ ಪ್ರಶ್ನೆ ಕಳಿಸಿ, ಬಂದ ಉತ್ತರ ಜೋಡಿಸಿದಾಂವ. ಅಡೋನಿಸ್ ಮತ್ತ ಎದ್ದು ಬಂದ ಅನ್ನೂ ಸಾಕ್ಷಿ ಹಳೇ ಗ್ರೀಕರಲ್ಲೆ ಇಲ್ಲ, ಸಿಗೂದು ಕ್ರಿಸ್ತಶಕದ ಬರಹದಾಗ, ಅಂತ ಧರ್ಮಗಳ ಇತಿಹಾಸಕಾರ ಜೊನಾಥನ್ ಸ್ಮಿತ್ 1987ರಾಗ ಎತ್ತಿ ತೋರಿಸಿದ, ಆ ಮ್ಯಾಲೆ ‘ಸತ್ತು ಏಳೂ ದೇವರು’ ಅನ್ನೂ ಪಂಗಡಾನ ಅಲುಗಾಡಿತು. ನನ್ನ ಹತ್ತು ಪಾನದಾಗ ಅಗಸರ ಮಾತು ಇರಲಿಲ್ಲ, ಅಂಬಿಗರ ಹಕ್ಕಿನ ಮಾತು ಇರಲಿಲ್ಲ, ಗಣಪನ ಮಾತಂತೂ ಇರಲೇ ಇಲ್ಲ, ಯಾಕಂದ್ರ ಅವು ಅಡೋನಿಸ್ ಕಥಿಗೆ ಹೊಂದೂದಿಲ್ಲಲ್ಲ. ಹೊಂದಲಾರದ್ದನ್ನ ಬಿಟ್ಟು ಬರದ್ರ ಮರ್ರೆ ಮಾಡಿದ ತಪ್ಪ ನಾನೂ ಮಾಡಿದಂಗ.

ಹಂಗಂತ ಹೋಲಿಸೂದ ಬ್ಯಾಡ ಅಂತ ನಾನು ಹೇಳೂದಿಲ್ಲ. ಮಳಿ ಬಾರದ ವರ್ಷ ನಮ್ಮಲ್ಲೆ ಗುರ್ಚಿ ಆಡ್ತಾರ, ರೊಟ್ಟಿ ಹಂಚಿನ ಮ್ಯಾಲ ಗುರ್ಚಿ ಮಾಡಿಟ್ಟು ತಲಿ ಮ್ಯಾಲ ಹೊತ್ತು ಮನಿ ಮನಿಗೆ ಹೋಗಿ ನೀರ ಹಾಕಿಸಿಕೊಳ್ತಾರ. ಸರ್ಬಿಯಾ, ಬಲ್ಗೇರಿಯಾ ಕಡೆ ದೊಡೊಲಾ, ಪೆಪೆರುಡಾ ಅಂತ ಹುಡುಗಿಗೆ ಹಸರ ತಪ್ಪಲ ಸುತ್ತಿ, ಹಾಡಕೋತ ಮನಿ ಮನಿಗೆ ಕರಕೊಂಡ ಹೋಗಿ, ನೀರ ಸುರೀತಾರ. ಓದಿದ್ರ ಮೈ ಜುಮ್ ಅಂತೈತಿ. ಒಂದ ಮೂಲದಿಂದ ಹರಿದು ಬಂದಿರಬಹುದು, ಒಬ್ಬರದು ಇನ್ನೊಬ್ಬರಿಗೆ ದಾಟಿರಬಹುದು, ಇಲ್ಲಾ ಮಳಿ ನಂಬಿದ ಮಂದಿಗೆ ಎಲ್ಲೇ ಇದ್ರೂ ಇದ ಉಪಾಯ ಹೊಳದಿರಬಹುದು. ಮದಲಿನ ಎರಡು ಅನ್ನಬೇಕಂದ್ರ ನಡುವಿನ ನಾಡುಗಳಾಗ ಹೆಜ್ಜಿ ಗುರುತು ತೋರಸಬೇಕು, ಕಾಲ ತೋರಸಬೇಕು. ಅದು ಸಿಗೂ ತನಕ ನಾನು ಮೂರನೇದರ ಕಡೆ.

ಬದಾಮಿ ಮ್ಯೂಸಿಯಂನ ಲಜ್ಜಾಗೌರಿ ‘ಆದಿ ಮಾತೃದೇವತೆ’ ಹೌದಲ್ಲ?

ನಾಗನಾಥಕೊಳ್ಳದ ಆ ಮೂರ್ತಿ ಮುಂದ ನಿಂತ್ರ ಮಾತ ಹೊರಡೂದಿಲ್ಲ, ತಲಿ ಜಾಗಾಕ್ಕ ಕಮಲ, ಹೆರಿಗಿಗೆ ಕುಂತ ಭಂಗಿ, ಎಷ್ಟ ನಯ ಆ ಕೆತ್ತನಿ. ಆದ್ರ ಲಜ್ಜಾಗೌರಿ ಅನ್ನೂದು ಆಮ್ಯಾಲೆ ಬಿದ್ದ ಹೆಸರು. ಅದನ್ನ ಚಾಲುಕ್ಯರ ಕಾಲದ ಕೆಲಸ ಅಂತ ಓದೂದು ಒಂದು, ಇಡೀ ಜಗತ್ತಿಗೆ ಒಬ್ಬಾಕಿನ ತಾಯಿ ಇದ್ಳು ಅನ್ನೂದಕ್ಕ ಸಾಕ್ಷಿ ಮಾಡೂದು ಬ್ಯಾರೆ. ಲಿಥುವೇನಿಯಾದಾಗ ಹುಟ್ಟಿದ ಪುರಾತತ್ವಜ್ಞೆ ಮರಿಯಾ ಗಿಂಬುಟಾಸ್ ಹಳೇ ಯುರೋಪಿನ ಸಣ್ಣ ಸಣ್ಣ ಹೆಣ್ಣು ಗೊಂಬಿ ನೋಡಿ, ಅಲ್ಲೆ ಮಹಾದೇವಿ ಪೂಜಿಸೂ ಶಾಂತ ಸಮಾಜ ಇತ್ತು ಅಂತ ವಾದಿಸಿದ್ಳು, ಹೊಸಾ ಪೇಗನ್ ಹೆಣ್ಮಕ್ಕಳಿಗೆ ಅದು ದೊಡ್ಡ ಬಲ ಕೊಟ್ಟಿತು. ಗೊಂಬಿ ಎಲ್ಲಾ ದೇವೀನ ಯಾಕಾಗಬೇಕು, ಆಟಗಿ ಇರಬಹುದಲ್ಲ ಅಂತ ಉಳದ ಪುರಾತತ್ವದಾರು ಕೇಳಿದ್ರು. ಅದ ಗಿಂಬುಟಾಸ್, ಹುಲ್ಲುಗಾವಲ ನಾಡಿನಿಂದ ಮಂದಿ ಯುರೋಪಿಗೆ ಬಂದ್ರು ಅಂತ ಹೇಳಿದ್ದಕ್ಕ 2015ರ ಡಿಎನ್‌ಎ ಸಂಶೋಧನಾ ದೊಡ್ಡ ಬೆಂಬಲ ಕೊಟ್ಟಾವ. ಒಬ್ಬರ ಎಲ್ಲಾ ಮಾತು ಒಂದ ಬುಟ್ಟ್ಯಾಗ ಹಾಕಬ್ಯಾಡ್ರಿ.

ಹಂಗಾದ್ರ ನಾವೂ ಪೇಗನ್ನರ ಅಂದಂಗ ಆತೇನು?

ಇದಕ್ಕ ಮಂದಿ ಸಿಟ್ಟಾಗಿನೂ ಕೇಳ್ತಾರ, ಅಭಿಮಾನದಿಂದನೂ ಕೇಳ್ತಾರ. ಮೈಕೆಲ್ ಯಾರ್ಕ್ ಅನ್ನೂ ವಿದ್ವಾಂಸ ಪೇಗನ್ ಅನ್ನೂದನ್ನ ಜಗತ್ತಿನ ಒಂದ ಧರ್ಮದ ನಮೂನಿ ಅಂತ ಹಿಡದು, ಹಿಂದೂ ಆಚರಣಿನೂ ಅದರ ಹತ್ತರ ತಂದು ನೋಡ್ಯಾನ. 1998ರಾಗ ವಿಲ್ನಿಯಸ್ಸಿನಾಗ ಹಳೇ ಧರ್ಮದಾರ ಜಾಗತಿಕ ಒಕ್ಕೂಟ ಶುರು ಮಾಡಿದಾರೂ ಹಿಂದೂಗಳ ಕಡೆ ಆಸೆಯಿಂದ ನೋಡಿದಾರ, 2010ರಾಗ ಅದು ಯುರೋಪಿಗಷ್ಟ ಅಂತ ಹೆಸರು ಬದಲಿಸಿತು. ನನ್ನ ಅಭಿಪ್ರಾಯ ಕೇಳಿದ್ರ, ಬ್ಯಾರೆದಾರು ಬೈಯಾಕ ಇಟ್ಟ ಹೆಸರನ್ನ ಇಂಗ್ಲೆಂಡಿನ ಹೊಸಾ ಪೇಗನ್ನರು ತಾವ ಎತ್ತಿ ತಲಿ ಮ್ಯಾಲ ಇಟಕೊಂಡ್ರು, ಅದು ಅವರ ಆಯ್ಕಿ. ಸವದತ್ತಿ ಗುಡ್ಡಕ್ಕ ಉಧೋ ಉಧೋ ಅಂತ ಏರೂ ಅವ್ವಾರನ್ನ, ಕೂಡಲಸಂಗಮದಾಗ ಇಷ್ಟಲಿಂಗ ಹಿಡದ ಕುಂತಾರನ್ನ ಕೇಳದ, ಆ ಚೀಟಿ ಅವರ ಬೆನ್ನಿಗೆ ಹಚ್ಚೂ ಹಕ್ಕು ನಮಗ ಯಾರೂ ಕೊಟ್ಟಿಲ್ಲ.

ಕ್ರಿಸ್ಮಸ್ ಖರೆ ಅಂದ್ರ ಪೇಗನ್ ಹಬ್ಬ ಅಂತ ವಾಟ್ಸಾಪಿನ್ಯಾಗ ಬಂದಿತ್ತು, ಖರೇನಾ?

ಅಷ್ಟ ಸರಳ ಇಲ್ಲ. ಡಿಸೆಂಬರ್ 25 ‘ಅಜೇಯ ಸೂರ್ಯ’ ಅನ್ನೂ ರೋಮಿನ ದೇವರ ಹುಟ್ಟಹಬ್ಬ ಅಂತನೂ, ಕ್ರಿಸ್ತ ಹುಟ್ಟಿದ ದಿನ ಅಂತನೂ ಎರಡೂ ನಮೂದು ಸಿಗೂದು 354ರ ಒಂದ ಸಂಗ್ರಹದಾಗ. ಯಾವದು ಮದಲು ಅನ್ನೂದರ ಮ್ಯಾಲ ವಾದ ನಡದೈತಿ. ಫಾರ್ವರ್ಡ್ ಮಾಡೂಕಿಂತ ಮದಲು ಸ್ವಲ್ಪ ತಡೀರಿ.

ಹಿಟ್ಲರನ ಮಂದಿನೂ ಇದನ್ನ ಬಳಸಿದ್ರಂತಲ್ಲ?

ಹೌದು, ಎಸ್ಎಸ್ ಪಡಿಯಾರು ಹಳೇ ರೂನ್ ಅಕ್ಷರಾನ ತಮ್ಮ ಗುರುತು ಮಾಡಕೊಂಡ್ರು. ಇವತ್ತಿಗೂ ಓಡಿನ್ ಹೆಸರ ಹೇಳಿ, ಬಿಳಿ ತೊಗಲಿನಾರಿಗಷ್ಟ ಈ ಧರ್ಮ ಅನ್ನೂ ಗುಂಪು ಅದಾವ, ಯಾರ ಬೇಕಾದ್ರೂ ಬರ್ರಿ ಅನ್ನೂ ಗುಂಪೂ ಅದಾವ, ಎರಡರ ನಡುವ ದೊಡ್ಡ ಜಗಳ ಐತಿ. ಓದಾರು ಇದನ್ನ ಮುಚ್ಚಿಡಬಾರದು. ‘ರಕ್ತ’, ‘ಮೂಲ ಜನಾಂಗ’ ಅನ್ನೂ ಮಾತು ಹಬ್ಬದ ಪುಸ್ತಕದಾಗ ಕಂಡ್ರ ಯಾರು ಬರದಾರ ಅಂತ ಮದಲ ನೋಡ್ರಿ.

ನಂಬಾರ ತಮ್ಮ ಧರ್ಮದ ಬಗ್ಗೆ ಸಂಶೋಧನಾ ಮಾಡಿದ್ರ ಪಕ್ಷಪಾತ ಆಗೂದಿಲ್ಲೇನು?

ಆಗಬಹುದು. ಈ ಕ್ಷೇತ್ರದಾಗ ಪೇಗನ್ ಇರೂ ವಿದ್ವಾಂಸರು ಭಾಳ, ಹೊಗಳಿಕಿ ಹೆಚ್ಚಾಗಿ ವಿಮರ್ಶಾ ಕಡಿಮಿ ಆಗೇತಿ ಅಂತ ಮಾರ್ಕುಸ್ ಡೇವಿಡ್‌ಸೆನ್ ಅನ್ನೂ ವಿದ್ವಾಂಸ 2012ರಾಗ ನೇರಾನೇರ ಬರದ, ಅದರಾಗ ಸತ್ಯ ಐತಿ. ಹೊರಗಿನಾರು ಹೋದ್ರ ಬ್ಯಾರೆ ತೊಡಕು. ಮಾನವಶಾಸ್ತ್ರಜ್ಞೆ ಟಾನ್ಯಾ ಲೂರ್ಮನ್ ಲಂಡನ್ನಿನ ಮಾಂತ್ರಿಕ ಗುಂಪಿನಾಗ ಸೇರಿ, ದೀಕ್ಷಾ ತಗೊಂಡು, ಓದಿ ಬರದ ಮಂದಿ ನಿಧಾನಕ್ಕ ಹೆಂಗ ನಂಬಾಕ ಹತ್ತತಾರ ಅಂತ 1989ರಾಗ ಬರದ್ಳು. ಪುಸ್ತಕ ಭಾಳ ಛಲೋ ಐತಿ, ಆದ್ರ ‘ನೀನು ನಮ್ಮಾಕಿ ಅಂದಕೊಂಡಿದ್ದಿವಿ’ ಅನ್ನೂ ನೋವು ಕೆಲವರಿಗೆ ಉಳೀತು. ಒಳಗಿನಾಕಿ ಇದ್ರೂ ಹೊರಗಿನಾಕಿ ಇದ್ರೂ, ನಾನು ಎಲ್ಲೆ ನಿಂತು ನೋಡಾಕತ್ತೀನಿ ಅಂತ ಮದಲ ಪಾನದಾಗ ಹೇಳೂದು ಛಲೋ.

ಇದನ್ನ ಎಲ್ಲೆ ಓದಬೇಕು? ನೌಕರಿ ಸಿಗತೈತೇನು?

ಇದ ಹೆಸರಿನ ಡಿಗ್ರಿ ನಮ್ಮ ಕಡೆ ಇಲ್ಲ. ಇತಿಹಾಸ, ಪುರಾತತ್ವ, ಜಾನಪದ, ಮಾನವಶಾಸ್ತ್ರ, ಇವುಗಳ ಬಾಗಲದಿಂದನ ಒಳಗ ಬರಬೇಕು. ಬೆಳಗಾವಿಯಾಗ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ವಿಜಯಪುರದಾಗ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಬಾಜೂಕ ಧಾರವಾಡ, ಜಾನಪದಕ್ಕಂತನ ಶಿಗ್ಗಾವಿ ಹತ್ರ ಗೊಟಗೋಡಿ. ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಅನ್ನೂ ತಾಣದಾಗ ಗ್ರೀಕ್, ಲ್ಯಾಟಿನ್ ಮೂಲ, ಇಂಗ್ಲಿಷ್ ಅನುವಾದ ಫುಕಟ ಸಿಗತಾವ. ನೌಕರಿ ವಿಚಾರ ಸುಳ್ಳ ಹೇಳೂದಿಲ್ಲ, ಇದರಾಗ ನೇರ ನೌಕರಿ ಇಲ್ಲ, ನೆಟ್ ಪಾಸ್ ಮಾಡಕೊಂಡು ಪಾಠ ಹೇಳಕೋತ ಓದೂದು ಆಗತೈತಿ. ಗುರ್ಲಹೊಸೂರಿನಾಗ ಹುಟ್ಟಿದ ಶಂ.ಬಾ. ಜೋಶಿಯವರು ಸಾಲಿ ಮಾಸ್ತರಕಿ ಮಾಡಕೋತನ ಅಷ್ಟ ಸಂಶೋಧನಾ ಮಾಡಿದ್ರು.

ನಮ್ಮೂರಾಗನ ಏನರ ಶುರು ಮಾಡಬೇಕಂದ್ರ?

ಈ ಸಲ ಭಾದ್ರಪದದಾಗ ಜೋಕುಮಾರನ ಬುಟ್ಟಿ ಬಂದಾಗ ನೋಟಬುಕ್ ತಗೋರಿ. ತಿಥಿ ಬರೀರಿ, ಯಾರು ಹೊತ್ತಾರ, ಆ ಹಕ್ಕು ಅವರಿಗೆ ಹೆಂಗ ಬಂತು ಅಂತಾರ, ಯಾವ ಮನಿ ಏನು ಹಾಕಿತು, ಯಾವ ಮನಿ ಮುಂದ ಬುಟ್ಟಿ ನಿಲ್ಲಲಿಲ್ಲ, ಹೋದ ವರ್ಷಕ್ಕೂ ಈ ವರ್ಷಕ್ಕೂ ಏನ ಫರಕ. ಅವರ ಮಾತು ಅವರು ಆಡಿದಂಗ ಬರೀರಿ, ತಿದ್ದಬ್ಯಾಡ್ರಿ. ಫೋನ್ ಎತ್ತೂಕಿಂತ ಮದಲ ಕೇಳ್ರಿ, ಕೇಳದ ಎತ್ತಿ ನಾನೊಮ್ಮೆ ತಪ್ಪು ಮಾಡೀನಿ. ಎಂ.ಎ. ಇದ್ದಾಗ ಸುಮ್ನ ರಿಕಾರ್ಡರ್ ಚಾಲೂ ಮಾಡಿ ಕುಂತಿದ್ದೆ, ಹಾಡಾಕ ಹತ್ತಿದ್ದ ಅವ್ವ ನಡುವನ ನಿಂತು, ‘ನನ್ನ ದನಿ ಎಲ್ಲಿಗೆ ಒಯ್ತಿ ತಂಗಿ?’ ಅಂದ್ಳು. ನನಗ ಉತ್ತರ ಕೊಡಾಕ ಬರಲಿಲ್ಲ. ಮರುದಿನ ಆಕಿ ಮನಿಗೆ ಹೋಗಿ, ಕಟ್ಟಿ ಮ್ಯಾಲ ಕುಂತು ರಿಕಾರ್ಡ್ ಆದದ್ದೆಲ್ಲಾ ಆಕಿಗೇ ಕೇಳಿಸಿದೆ. ಒಂದ ಹಾಡು ಗಂಡಸರ ಮುಂದ ಹಾಡೂದಲ್ಲ, ಅಳಿಸು ಅಂದ್ಳು, ಆಕಿ ಮುಂದನ ಅಳಿಸಿದೆ. ಉಳದದ್ದು ಇಟ್ಕೋ, ಬರಿ, ನನ್ನ ಹೆಸರ ಮಾತ್ರ ಹಾಕಬ್ಯಾಡ ಅಂತ ಹೇಳಿ ಚಾ ಇಡಾಕ ಒಳಗ ಹೋದ್ಳು.